ಮಾಂಸವನ್ನೇ ಮುಟ್ಟದವರ ಮಿದುಳಿಗೆ ಹಂದಿಯ ಹುಳ ಬಂದದ್ದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ಹೋದ ತಿಂಗಳು ಇದ್ದಕ್ಕಿದ್ದ ಹಾಗೆ ಫಿಟ್ಸ್ ಬಂತು. ಎಂ.ಆರ್.ಐ. ಮಾಡಿಸಿದಾಗ ಮಿದುಳಿನಲ್ಲಿ ಒಂದು ಸಣ್ಣ ಗುಳ್ಳೆ ಕಾಣಿಸಿತು. ಅದು ಹಂದಿಯ ಲಾಡಿಹುಳುವಿನ ಮರಿ ಎಂದು ಡಾಕ್ಟರು ಹೇಳಿದರು. ನಮ್ಮ ತವರಿನಲ್ಲಿ ಮೊಟ್ಟೆ ಕೂಡ ತರುವುದಿಲ್ಲ. ಅವನ ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ರಕ್ತ ಪರೀಕ್ಷೆಯೂ ನೆಗೆಟಿವ್ ಬಂತು. ಹಾಗಾದರೆ ಇದು ನಿಜವಾಗಿಯೂ ಹುಳವೇನಾ? ಮನೆಯವರೆಲ್ಲ ಹುಳದ ಮಾತ್ರೆ ನುಂಗಿಬಿಡಬೇಕಾ? ಇನ್ನೊಂದು ವಿಷಯ. ನಮ್ಮ ಯಜಮಾನರು ಕೆಲಸದ ಮೇಲೆ ಊರೂರು ಸುತ್ತುತ್ತಾರೆ, ಹಸಿ ಮೀನು ತಿನ್ನುವುದು ರೂಢಿಯಾಗಿದೆ. ಅವರಿಗೆ ಯಾವ ಟೆಸ್ಟ್ ಮಾಡಿಸಬೇಕು?

ಉತ್ತರ: ಮೊದಲು ನಿಮ್ಮ ತಮ್ಮನ ಪರವಾಗಿ ಒಂದು ಮಾತು. ಮನೆಯಲ್ಲಿ ಯಾರಾದರೂ "ಹೊರಗೆ ಎಲ್ಲೋ ಕದ್ದು ತಿಂದಿರಬೇಕು" ಎಂದು ಅವನನ್ನು ಕೇಳಿದ್ದರೆ, ಆ ಮಾತನ್ನು ಇವತ್ತೇ ವಾಪಸ್ ತೆಗೆದುಕೊಳ್ಳಿ. ಈ ಕಾಯಿಲೆ ಬಂದ ಎಷ್ಟೋ ಜನ ಫಿಟ್ಸ್‌ನ ಭಯದ ಜೊತೆಗೆ ಮನೆಯವರ ಅನುಮಾನವನ್ನೂ ಹೊತ್ತು ನನ್ನ ಮುಂದೆ ಕೂತಿದ್ದಾರೆ. ಮಿದುಳಿನಲ್ಲಿ ಗುಳ್ಳೆ ಆಗುವುದಕ್ಕೆ ಹಂದಿ ಮಾಂಸ ತಿನ್ನಬೇಕಾಗಿಯೇ ಇಲ್ಲ. ಮಾಂಸದಿಂದ ನೇರವಾಗಿ ಬರುವುದು ಬೇರೆ ಕಾಯಿಲೆ, ಹೊಟ್ಟೆಯೊಳಗಿನ ಲಾಡಿಹುಳು.

ಇದು ಅರ್ಥವಾಗಬೇಕಾದರೆ ಹುಳುವಿನ ಸಂಸಾರ ಸ್ವಲ್ಪ ತಿಳಿಯಬೇಕು. ಇದರ ಹೆಸರು ಟೀನಿಯಾ ಸೋಲಿಯಂ. ಬೆಳೆದ ಹುಳ ಇರುವುದು ಮನುಷ್ಯನ ಸಣ್ಣ ಕರುಳಿನಲ್ಲಿ ಮಾತ್ರ. ಉದ್ದ 2ರಿಂದ 7 ಮೀಟರ್. ಲಾಡಿಯ ಹಾಗೆ ಚಪ್ಪಟೆ, ಉದ್ದಕ್ಕೂ ತುಂಡು ತುಂಡಾಗಿ ಜೋಡಿಸಿದ ಹಾಗಿರುತ್ತದೆ. ಕೊನೆಯ ಕಡೆಯ ತುಂಡುಗಳಲ್ಲಿ ಮೊಟ್ಟೆ ತುಂಬಿರುತ್ತದೆ. ಒಂದು ತುಂಡಿನಲ್ಲಿ ಸುಮಾರು 50,000 ಇರಬಹುದು. ಅವು ಕಳಚಿಕೊಂಡು ಮಲದ ಜೊತೆ ಹೊರಗೆ ಬರುತ್ತವೆ. ಬಯಲಲ್ಲಿ ಬಿದ್ದ ಮಲವನ್ನು ಹಂದಿ ತಿಂದರೆ, ಮೊಟ್ಟೆ ಒಡೆದು ಮರಿ ಅದರ ಕರುಳಿನ ಗೋಡೆ ತೂರಿ, ರಕ್ತಕ್ಕೆ ಸೇರಿ, ಮಾಂಸಖಂಡದಲ್ಲಿ ಹೋಗಿ ನೀರುಗುಳ್ಳೆಯಾಗಿ ಕೂರುತ್ತದೆ. ಆ ಮಾಂಸವನ್ನು ಅರೆಬರೆ ಬೇಯಿಸಿ ತಿಂದ ಮನುಷ್ಯನ ಕರುಳಿನಲ್ಲಿ ಅದು ಮತ್ತೆ ಉದ್ದದ ಲಾಡಿಹುಳುವಾಗುತ್ತದೆ.

ಆದರೆ ಮನುಷ್ಯ ಗುಳ್ಳೆಯ ಬದಲು ಮೊಟ್ಟೆಯನ್ನೇ ನುಂಗಿದರೆ? ಹಂದಿಯ ಹೊಟ್ಟೆಯಲ್ಲಿ ಏನು ನಡೆಯುತ್ತದೋ ಅದೇ ನಮ್ಮ ಹೊಟ್ಟೆಯಲ್ಲೂ ನಡೆಯುತ್ತದೆ. ಮರಿ ರಕ್ತಕ್ಕೆ ಸೇರಿ ಮಾಂಸಖಂಡಕ್ಕೆ, ಕಣ್ಣಿಗೆ, ಮಿದುಳಿಗೆ ಹೋಗಿ ಗುಳ್ಳೆಯಾಗುತ್ತದೆ. ಆ ಮೊಟ್ಟೆ ಬರುವುದು ಹಂದಿಯಿಂದಲ್ಲ, ಇನ್ನೊಬ್ಬ ಮನುಷ್ಯನ ಕೈಯಿಂದ, ಅವನ ಮಲ ಸೇರಿದ ನೀರಿನಿಂದ, ಆ ನೀರು ಬಿದ್ದ ಸೊಪ್ಪಿನಿಂದ. ನಿಮ್ಮ ತಮ್ಮನಿಗೆ ಆಗಿದ್ದು ಇದೇ.

ಇದಕ್ಕೆ ವೈದ್ಯಲೋಕದಲ್ಲಿ ತುಂಬಾ ಹೆಸರಾದ ಒಂದು ಉದಾಹರಣೆ ಇದೆ. 1992ರಲ್ಲಿ ಪ್ರಕಟವಾದದ್ದು. ನ್ಯೂಯಾರ್ಕ್‌ನ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಲ್ಲಿ ಮಿದುಳಿನ ಈ ಗುಳ್ಳೆ ಪತ್ತೆಯಾಯಿತು. ಧರ್ಮದ ಕಟ್ಟಳೆಯಿಂದಾಗಿ ಹಂದಿಯನ್ನು ಮುಟ್ಟದ ಜನ ಅವರು. ತನಿಖೆ ಮಾಡಿದಾಗ, ಹಂದಿಯ ಲಾಡಿಹುಳು ಸಾಮಾನ್ಯವಾಗಿರುವ ದೇಶಗಳಿಂದ ಬಂದು ಆ ಮನೆಗಳಲ್ಲಿ ಅಡುಗೆ, ಮನೆಗೆಲಸ ಮಾಡುತ್ತಿದ್ದವರ ಕಡೆಗೆ ಸುಳಿವು ಹೋಯಿತು. ಹುಳ ಹೊಟ್ಟೆಯಲ್ಲಿದೆ ಎಂದು ಅಂಥವರಿಗೆ ಗೊತ್ತೇ ಇರುವುದಿಲ್ಲ. ಲಾಡಿಹುಳು ಇದ್ದವರಿಗೆ ಎಷ್ಟೋ ಸಲ ಯಾವ ತೊಂದರೆಯೂ ಇರುವುದಿಲ್ಲ. ಹಾಗಾಗಿ ಅವರನ್ನು ಬೈಯುವುದರಲ್ಲಿ ಅರ್ಥವಿಲ್ಲ. ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಜಾಸ್ತಿ ಅಪಾಯ ಅವರಿಗೇ, ತಮ್ಮದೇ ಕೈಯಿಂದ ತಮ್ಮದೇ ಬಾಯಿಗೆ ಮೊಟ್ಟೆ ಹೋಗುತ್ತದಲ್ವಾ.

ಗುಳ್ಳೆಯೇ ಮುಂದೆ ಲಾಡಿಹುಳುವಾಗುತ್ತದೆ ಎಂಬುದು ಜನರಿಗೆ ಬಹಳ ಕಾಲ ಗೊತ್ತಿರಲಿಲ್ಲ. 1855ರಲ್ಲಿ ಫ್ರೀಡ್ರಿಖ್ ಕುಖೆನ್‌ಮೈಸ್ಟರ್ ಎಂಬ ಜರ್ಮನ್ ವೈದ್ಯ ಮರಣದಂಡನೆಗೆ ಕಾದಿದ್ದ ಕೈದಿಗೆ ಗುಳ್ಳೆಯಿದ್ದ ಹಂದಿ ಮಾಂಸ ತಿನ್ನಿಸಿದ. ಆಮೇಲೆ ಶವ ಪರೀಕ್ಷೆಯಲ್ಲಿ ಕರುಳಿನೊಳಗೆ ಎಳೆಯ ಲಾಡಿಹುಳುಗಳನ್ನು ತೋರಿಸಿದ. ಇವತ್ತು ಯಾರೂ ಒಪ್ಪದ, ಒಪ್ಪಬಾರದ ಪ್ರಯೋಗ. ಆದರೆ ನಮಗೆ ಈಗ ಗೊತ್ತಿರುವ ವಿಷಯದ ಒಂದು ತುದಿ ಅಲ್ಲಿಂದ ಬಂದಿದೆ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಮಲ ಪರೀಕ್ಷೆ ನಾರ್ಮಲ್, ರಕ್ತ ನೆಗೆಟಿವ್, ಆದರೂ ಹುಳ ಅಂತಾರಲ್ಲ, ಹೇಗೆ?

ನಾನು ವರ್ಷಗಟ್ಟಲೆ ಮೈಕ್ರೋಸ್ಕೋಪಿನ ಮುಂದೆ ಕೂತು ಕಲಿತದ್ದನ್ನು ಹೇಳುತ್ತೇನೆ. "ಹುಳದ ಟೆಸ್ಟ್" ಅಂತ ಒಂದೇ ಟೆಸ್ಟ್ ಇಲ್ಲ. ಯಾವ ಟೆಸ್ಟ್ ಮಾಡಿಸಬೇಕು ಎಂದು ಯೋಚಿಸುವ ಮೊದಲು ಎರಡು ವಿಷಯ ಕೇಳಿಕೊಳ್ಳಬೇಕು. ಹುಳ ಈಗ ದೇಹದಲ್ಲಿ ಎಲ್ಲಿದೆ? ಅದು ಒಳಗೆ ಹೋಗಿ ಎಷ್ಟು ದಿನ ಆಯಿತು? ಇವೆರಡಕ್ಕೂ ಹೊಂದದ ಟೆಸ್ಟ್ ಎಷ್ಟೇ ಒಳ್ಳೆಯ ಲ್ಯಾಬಿನಲ್ಲಿ ಮಾಡಿಸಿದರೂ ನೆಗೆಟಿವ್ ಅಂತಲೇ ಬರುತ್ತದೆ.

ನಿಮ್ಮ ತಮ್ಮನ ವಿಷಯದಲ್ಲಿ ನೋಡಿ. ಮಲದಲ್ಲಿ ಮೊಟ್ಟೆ ಬರಬೇಕಾದರೆ ಕರುಳಿನಲ್ಲಿ ಬೆಳೆದ ಹುಳ ಇರಬೇಕು. ಅವನ ಕರುಳಿನಲ್ಲಿ ಹೆಚ್ಚಾಗಿ ಹುಳ ಇರಲಿಕ್ಕಿಲ್ಲ, ಮಿದುಳಿನಲ್ಲಿ ಮರಿ ಇದೆ. ಮರಿ ಮೊಟ್ಟೆ ಇಡುವುದಿಲ್ಲ. ಮಿದುಳಿನ ಗುಳ್ಳೆ ಇರುವವರಲ್ಲಿ ಹೆಚ್ಚಿನವರ ಮಲ ಪರೀಕ್ಷೆ ಹೀಗೇ ನಾರ್ಮಲ್ ಇರುತ್ತದೆ. ಜೊತೆಗೆ, ಮೊಟ್ಟೆ ನುಂಗಿದ್ದು ನಿನ್ನೆ ಮೊನ್ನೆ ಆಗಿರಲಿಕ್ಕಿಲ್ಲ. ಮರಿ ಬದುಕಿರುವಷ್ಟು ದಿನ ದೇಹದ ಕಾವಲು ಪಡೆಗೆ ಗೊತ್ತಾಗದ ಹಾಗೆ ಸುಮ್ನೆ ಕೂತಿರುತ್ತದೆ. ಅದು ಸಾಯಲು ಶುರುವಾದಾಗ ಸುತ್ತಲೂ ಊತ ಬರುತ್ತದೆ, ಫಿಟ್ಸ್ ಬರುವುದು ಹೆಚ್ಚಾಗಿ ಆಗಲೇ. ಮಧ್ಯೆ ಕೆಲವು ವರ್ಷಗಳೇ ಕಳೆದಿರಬಹುದು, ಕೆಲವರಲ್ಲಿ ಹತ್ತಾರು ವರ್ಷ.

ರಕ್ತ ಪರೀಕ್ಷೆಯ ಕಥೆಯೂ ಹೀಗೆಯೇ. ಈ ಹುಳುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುವ ಒಳ್ಳೆಯ ಟೆಸ್ಟ್ ಒಂದಿದೆ, ಇ.ಐ.ಟಿ.ಬಿ. ಅನ್ನುತ್ತಾರೆ. ಮಿದುಳಿನಲ್ಲಿ ಎರಡೋ ಹೆಚ್ಚೋ ಜೀವಂತ ಗುಳ್ಳೆ ಇದ್ದರೆ ಅದು ತಪ್ಪಿಸುವುದು ತೀರಾ ಕಡಿಮೆ. ಆದರೆ ಒಂದೇ ಗುಳ್ಳೆ ಇದ್ದಾಗ, ಅಥವಾ ಗುಳ್ಳೆ ಸತ್ತು ಸುಣ್ಣಗಟ್ಟಿದಾಗ, ಎಷ್ಟೋ ಜನರಲ್ಲಿ ನೆಗೆಟಿವ್ ಬರುತ್ತದೆ. ಮಾಮೂಲಿ ಎಲೈಸಾ ಟೆಸ್ಟ್ ಇದಕ್ಕಿಂತ ದುರ್ಬಲ. ಅವನಿಗಿರುವುದು ಒಂದೇ ಗುಳ್ಳೆ, ಹಾಗಾಗಿ ನೆಗೆಟಿವ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನು ಈಸಿನೋಫಿಲ್ ಎಂಬ ಬಿಳಿ ರಕ್ತಕಣ ಹುಳದ ಕಾಯಿಲೆಯಲ್ಲಿ ಏರುತ್ತದೆ ಎಂದು ನೀವು ಕೇಳಿರಬಹುದು. ಮರಿಗಳು ದೇಹದೊಳಗೆ ಓಡಾಡುವಾಗ ಅದು ಏರುವುದು ಹೌದು. ಒಂದೇ ಕಡೆ ಗುಳ್ಳೆಯೊಳಗೆ ಅವಿತು ಕೂತಾಗ ಏರಲೇಬೇಕೆಂದಿಲ್ಲ.

ಇಲ್ಲಿ ನಂಬಬೇಕಾದದ್ದು ಸ್ಕ್ಯಾನನ್ನು. ಎಂ.ಆರ್.ಐ. ಫಿಲ್ಮ್‌ನಲ್ಲಿ ಕೆಲವೊಮ್ಮೆ ಗುಳ್ಳೆಯ ಒಳಗೆ ಒಂದು ಚುಕ್ಕೆ ಕಾಣುತ್ತದೆ. ಅದು ಮರಿಯ ತಲೆ. ಆ ಚುಕ್ಕೆ ಸ್ಪಷ್ಟವಾಗಿ ಕಂಡರೆ ಇನ್ನು ಅನುಮಾನಕ್ಕೆ ಹೆಚ್ಚು ಜಾಗ ಇಲ್ಲ. ಸುಣ್ಣಗಟ್ಟಿದ ಹಳೇ ಗುಳ್ಳೆಗಳು ಸಿ.ಟಿ. ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತವೆ, ಅದಕ್ಕೇ ಕೆಲವು ಡಾಕ್ಟರು ಎರಡನ್ನೂ ಮಾಡಿಸುತ್ತಾರೆ. ಇದು ಹಣ ಮಾಡುವ ದಾರಿ ಎಂದು ಕೋಪ ಮಾಡಿಕೊಳ್ಳಬೇಡಿ. ಚುಕ್ಕೆ ಕಾಣದಿದ್ದರೆ ಕ್ಷಯದ ಗಂಟು ಇರಬಹುದಾ ಎಂಬ ಪ್ರಶ್ನೆ ಬರುತ್ತದೆ. ಕ್ಷಯದ ಗಂಟು ಸಾಮಾನ್ಯವಾಗಿ 20 ಮಿಲಿಮೀಟರಿಗಿಂತ ದೊಡ್ಡದು, ಅಂಚು ಒರಟು, ಸುತ್ತಲಿನ ಮಿದುಳನ್ನು ಒತ್ತಿರುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಗುಳ್ಳೆಯ ಅಳತೆ ಮತ್ತು "ಸ್ಕೋಲೆಕ್ಸ್" ಎಂಬ ಪದ ಇದೆಯಾ ನೋಡಿ. ಇದ್ದರೆ ಆ ಚುಕ್ಕೆ ಕಂಡಿದೆ ಎಂದರ್ಥ. ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ಡಾಕ್ಟರನ್ನು ಇದನ್ನೇ ಕೇಳಿ.

ಮನೆಯವರ ವಿಷಯ. ಇಲ್ಲಿ ಮಲ ಪರೀಕ್ಷೆಗೆ ಬೆಲೆ ಇದೆ, ಯಾಕೆಂದರೆ ಹುಡುಕುತ್ತಿರುವುದು ಕರುಳಿನಲ್ಲಿ ದೊಡ್ಡ ಹುಳ ಇರುವವರನ್ನು. ಅವನ ಜೊತೆ ವಾಸಿಸುವವರು, ಅವನಿಗೆ ಅಡುಗೆ ಮಾಡಿ ಹಾಕುವವರು, ಹಾಸ್ಟೆಲ್ಲಿನಲ್ಲಿದ್ದರೆ ರೂಮಿನ ಗೆಳೆಯರು, ಇಷ್ಟು ಜನ ಮಾಡಿಸಿದರೆ ಒಳ್ಳೆಯದು. ಅವನೂ ಇನ್ನೊಮ್ಮೆ ಮಾಡಿಸಲಿ. ಮೊಟ್ಟೆ ಕೊಟ್ಟ ವ್ಯಕ್ತಿ ಸಿಗದೇ ಹೋಗಬಹುದು. ವರ್ಷಗಳ ಹಿಂದಿನ ಮಾತು, ಆ ಹುಳ ಅಷ್ಟರಲ್ಲಿ ಸತ್ತೂ ಹೋಗಿರಬಹುದು. ಆದರೂ ಹುಡುಕಬೇಕು. ಒಬ್ಬರು ಸಿಕ್ಕರೆ ಸಾಕು, ಇಡೀ ಮನೆಗೆ ಮುಂದಿನ ಅಪಾಯ ತಪ್ಪುತ್ತದೆ.

ಆದರೆ ಒಂದೇ ಸ್ಯಾಂಪಲ್ ಕೊಟ್ಟು ನಿಲ್ಲಿಸಬೇಡಿ. ಲಾಡಿಹುಳು ದಿನಾ ಲೆಕ್ಕ ಇಟ್ಟು ಮೊಟ್ಟೆ ಬಿಡುವುದಿಲ್ಲ. ಇವತ್ತು ಸಾವಿರಾರು, ನಾಳೆ ಒಂದೂ ಇಲ್ಲ. ಹತ್ತು ದಿನದೊಳಗೆ ಬೇರೆ ಬೇರೆ ದಿನ ಮೂರು ಸಲ ಕೊಡಿ. ಡಬ್ಬಿಯಲ್ಲಿ ಮೂತ್ರ, ನೀರು ಸೇರಬಾರದು. ಭೇದಿಗೆ ಎಣ್ಣೆಯಂಥದ್ದು ಕುಡಿದಿದ್ದರೆ, ಬೇರಿಯಂ ಎಕ್ಸ್‌ರೇ ಮಾಡಿಸಿದ್ದರೆ, ಕೆಲವು ದಿನ ಬಿಟ್ಟು ಕೊಡಿ. ಚೀಟಿಯಲ್ಲಿ ಸುಮ್ನೆ "ಮಲ ಪರೀಕ್ಷೆ" ಎಂದಿದ್ದರೆ, ಲಾಡಿಹುಳುವಿಗಾಗಿ ಹುಡುಕುತ್ತಿದ್ದೇವೆ, ಮೊಟ್ಟೆಗಳನ್ನು ಸಾಂದ್ರಗೊಳಿಸುವ ವಿಧಾನದಲ್ಲಿ ನೋಡಿ ಎಂದು ಬರೆಸಿಕೊಳ್ಳಿ. ಅದರಲ್ಲಿ ಮಲವನ್ನು ಸೋಸಿ, ತಿರುಗಿಸಿ, ತಳಕ್ಕೆ ಇಳಿದದ್ದನ್ನು ನೋಡುತ್ತಾರೆ. ಒಂದು ಕಡ್ಡಿಯ ತುದಿಯಷ್ಟು ಮಲವನ್ನು ಸ್ಲೈಡಿನ ಮೇಲೆ ಸವರಿ ನೋಡುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ. ಮಲದಲ್ಲಿ ಹುಳುವಿನ ಪ್ರೋಟೀನನ್ನೇ ಹಿಡಿಯುವ ಟೆಸ್ಟ್, ಪಿ.ಸಿ.ಆರ್. ಇವೂ ಇವೆ. ಎಲ್ಲ ಲ್ಯಾಬಿನಲ್ಲೂ ಸಿಗುವುದಿಲ್ಲ. ಸಿಕ್ಕರೆ ಮೈಕ್ರೋಸ್ಕೋಪಿಗಿಂತ ಜಾಸ್ತಿ ಹುಳಗಳನ್ನು ಹಿಡಿಯುತ್ತವೆ.

ಸ್ಲೈಡಿನಲ್ಲಿ ನಮಗೆ ಏನು ಕಾಣುತ್ತದೆ ಗೊತ್ತಾ? ಲಾಡಿಹುಳುವಿನ ಮೊಟ್ಟೆ ಕಂದು ಬಣ್ಣದ ಗುಂಡು. ಗೋಡೆ ದಪ್ಪ, ಅದರ ಮೇಲೆ ಗಾಡಿ ಚಕ್ರದ ಅರಗಳ ಹಾಗೆ ಒತ್ತೊತ್ತಾಗಿ ಗೆರೆ. ಫೋಕಸ್ ನಿಧಾನಕ್ಕೆ ಆಚೀಚೆ ಮಾಡಿದರೆ ಒಳಗೆ ಆರು ಸಣ್ಣ ಕೊಕ್ಕೆ ಹೊಳೆಯುತ್ತವೆ. ಆ ಕೊಕ್ಕೆಗಳಿಂದಲೇ ಅದು ಕರುಳು ತೂರುವುದು. ಮೊದಲ ಸಲ ನೋಡಿದ ದಿನ ನಾನು ತುಂಬಾ ಹೊತ್ತು ಕಣ್ಣು ತೆಗೆದಿರಲಿಲ್ಲ. ಆದರೆ ಒಂದು ಕಷ್ಟ ಇದೆ. ಹಂದಿಯ ಲಾಡಿಹುಳು, ದನದ ಲಾಡಿಹುಳು, ಎರಡರ ಮೊಟ್ಟೆಯೂ ನೋಡಲು ಒಂದೇ. ದನದ ಹುಳುವಿನ ಮೊಟ್ಟೆಯಿಂದ ಮನುಷ್ಯನ ಮಿದುಳಿಗೆ ಅಪಾಯ ಇಲ್ಲ, ಹಂದಿಯದ್ದರಿಂದ ಇದೆ. ಹಾಗಾಗಿ "ಟೀನಿಯಾ ಮೊಟ್ಟೆ ಇದೆ" ಎಂದು ಬಂದರೆ ಅರ್ಧ ಉತ್ತರ ಮಾತ್ರ ಸಿಕ್ಕ ಹಾಗೆ.

ಉಳಿದ ಅರ್ಧ ಹುಳುವಿನ ತುಂಡಿನಲ್ಲಿದೆ. ಮಲದಲ್ಲಿ ಒಂದೆರಡು ಸೆಂಟಿಮೀಟರಿನ ಬಿಳಿ ಚಪ್ಪಟೆ ತುಂಡು ಕಂಡರೆ ಅದನ್ನು ಎಸೆಯದೆ, ಬರಿಗೈಯಲ್ಲಿ ಮುಟ್ಟದೆ, ಡಬ್ಬಿಗೆ ಹಾಕಿ ತನ್ನಿ. ನಾವು ಗ್ಲೌಸ್ ಹಾಕಿಕೊಂಡು ಅದನ್ನು ಎರಡು ಗಾಜಿನ ಸ್ಲೈಡುಗಳ ನಡುವೆ ಒತ್ತಿ ಬೆಳಕಿಗೆ ಹಿಡಿಯುತ್ತೇವೆ. ನಡುವೆ ಗರ್ಭಕೋಶದ ಕಾಂಡ, ಅದರಿಂದ ಎರಡೂ ಬದಿಗೆ ಕೊಂಬೆಗಳು. ಒಂದು ಬದಿಯ ಕೊಂಬೆ ಎಣಿಸುವುದು. ಹಂದಿಯ ಹುಳುವಿನಲ್ಲಿ 7ರಿಂದ 13, ದನದ್ದರಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಮಲವಿಸರ್ಜನೆ ಇಲ್ಲದೆಯೇ ತುಂಡು ತಾನಾಗಿ ತೆವಳಿಕೊಂಡು ಬಟ್ಟೆಗೆ ಬಂತು ಎಂದು ಯಾರಾದರೂ ಹೇಳಿದರೆ, ಅದು ಹೆಚ್ಚಾಗಿ ದನದ ಹುಳುವಿನ ಲಕ್ಷಣ. ನಾಚಿಕೆಯಿಂದ ಜನ ಇದನ್ನು ಡಾಕ್ಟರ ಹತ್ತಿರ ಹೇಳುವುದೇ ಇಲ್ಲ. ದಯವಿಟ್ಟು ಮನೆಯಲ್ಲಿ ಎಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿ, "ಯಾವತ್ತಾದರೂ ಬಿಳಿ ತುಂಡು ಕಂಡಿದೆಯಾ?" ಅಂತ. ಒಂದು ಪರೀಕ್ಷೆಗಿಂತ ಆ ಒಂದು ಪ್ರಶ್ನೆ ಎಷ್ಟೋ ಸಲ ಬೇಗ ದಾರಿ ತೋರಿಸಿದೆ. ಹಾಗೆಂದು ಕಂಡದ್ದೆಲ್ಲ ಹುಳವೂ ಅಲ್ಲ. ಮಗುವಿನ ಮಲದಲ್ಲಿ ಕಪ್ಪು ಎಳೆಗಳು ಹುಳದ ಹಾಗೆ ಕಂಡು ಗಾಬರಿಯಾಗಿ ಬಂದ ತಾಯಂದಿರಿಗೆ, ಅದು ಬಾಳೆಹಣ್ಣಿನ ಎಳೆ ಎಂದು ಸ್ಲೈಡಿನಲ್ಲೇ ತೋರಿಸಿ ಕಳಿಸಿದ್ದೇನೆ.

ಎಲ್ಲರೂ ಮಾತ್ರೆ ನುಂಗಿಬಿಡೋಣವಾ ಎಂದು ಕೇಳಿದ್ದೀರಿ. ಬೇಡ. ಅಂಗಡಿಯಲ್ಲಿ ಸಿಗುವ ಒಂದು ಆಲ್ಬೆಂಡಜೋಲ್ ಮಾತ್ರೆ ದುಂಡುಹುಳುವಿಗೆ ಒಳ್ಳೆಯದು, ಲಾಡಿಹುಳುವಿಗೆ ಅದೊಂದೇ ಡೋಸ್ ನಂಬುವ ಹಾಗಿಲ್ಲ. ಲಾಡಿಹುಳುವಿಗೆ ಕೊಡುವುದು ನಿಕ್ಲೊಸಮೈಡ್ ಅಥವಾ ಪ್ರಾಜಿಕ್ವಾಂಟೆಲ್. ಇದರಲ್ಲಿ ಪ್ರಾಜಿಕ್ವಾಂಟೆಲ್ ರಕ್ತಕ್ಕೆ ಸೇರಿ ಮಿದುಳಿಗೂ ಹೋಗುತ್ತದೆ. ಮನೆಯಲ್ಲಿ ಇನ್ಯಾರದ್ದಾದರೂ ಮಿದುಳಿನಲ್ಲಿ ಗೊತ್ತಿಲ್ಲದ ಗುಳ್ಳೆ ಇದ್ದರೆ, ಆ ಮಾತ್ರೆಯಿಂದ ಅದು ಊದಿ ಫಿಟ್ಸ್ ಬರಬಹುದು. ಅದಕ್ಕೇ ಯಾರಿಗಾದರೂ ಹಿಂದೆ ಫಿಟ್ಸ್, ಬಿಡದ ತಲೆನೋವು, ಚರ್ಮದ ಕೆಳಗೆ ಬಟಾಣಿಯಂಥ ಗಂಟು ಇದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು. ಪರೀಕ್ಷೆಗೆ ಮುಂಚೆಯೇ ಮಾತ್ರೆ ತೆಗೆದುಕೊಂಡರೆ ಇನ್ನೊಂದು ನಷ್ಟ ಇದೆ. ಮೊಟ್ಟೆ ಸ್ವಲ್ಪ ದಿನ ನಿಲ್ಲಬಹುದು, ಹುಳ ಮಾತ್ರ ಅಲ್ಲೇ ಉಳಿದಿರಬಹುದು, ರಿಪೋರ್ಟ್ ನೋಡಿ ನಾವೆಲ್ಲ ಮೋಸ ಹೋಗುತ್ತೇವೆ.

ಹಾಗಾದರೆ ಮೊಟ್ಟೆ ನಮ್ಮ ಬಾಯಿಗೆ ಬರುವ ದಾರಿಗಳು ಯಾವುವು? ಲಾಡಿಹುಳುವಿನ ಮೊಟ್ಟೆಗೂ ದುಂಡುಹುಳುವಿನ ಮೊಟ್ಟೆಗೂ ಒಂದು ಮುಖ್ಯ ವ್ಯತ್ಯಾಸ ಇದೆ. ದುಂಡುಹುಳುವಿನ ಹೆಣ್ಣು ದಿನಕ್ಕೆ 2 ಲಕ್ಷದವರೆಗೂ ಮೊಟ್ಟೆ ಇಡುತ್ತದೆ, ಆದರೆ ಅವು ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲೆಯೇ ರೋಗ ತರುತ್ತವೆ. ಹಾಗಾಗಿ ಅಲ್ಲಿ ಮಣ್ಣು, ಹಸಿ ತರಕಾರಿ, ಮಣ್ಣಲ್ಲಿ ಆಡುವ ಮಕ್ಕಳ ಉಗುರು ಮುಖ್ಯ. ಲಾಡಿಹುಳುವಿನ ಮೊಟ್ಟೆ ಹೊರಗೆ ಬಂದ ಗಳಿಗೆಯಿಂದಲೇ ತಯಾರು. ಅದಕ್ಕೇ ಕಕ್ಕಸಿಗೆ ಹೋಗಿ ಬಂದು ಸೋಪು ಹಾಕಿ ತೊಳೆಯದ ಕೈ, ಅದೇ ಕೈಯಿಂದ ಹೆಚ್ಚಿದ, ಬೇಯಿಸದೆ ತಿನ್ನುವ ಪದಾರ್ಥ ಅಷ್ಟು ಅಪಾಯ. ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು ಎರಡಕ್ಕೂ ದಾರಿ. ಉಪ್ಪುನೀರು, ವಿನೆಗರ್‌ನಲ್ಲಿ ನೆನೆಸಿದರೆ ಮೊಟ್ಟೆ ಸಾಯುತ್ತದೆ ಎಂದು ನಂಬಿಕೊಂಡವರು ತುಂಬಾ ಜನ. ಸಾಯುವುದಿಲ್ಲ. ಫ್ರಿಜ್ಜಿನ ತಂಪಿಗೂ ಸಾಯುವುದಿಲ್ಲ. ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ಬಿಡಿಸಿ ಉಜ್ಜಿ ತೊಳೆದರೆ ಕಡಿಮೆಯಾಗುತ್ತವೆ, ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಇದೇ ಜಾತಿಯ ಇನ್ನೊಂದು ಕಾಟ ನಾಯಿಯ ಸಣ್ಣ ಲಾಡಿಹುಳು, ಎಕೈನೊಕಾಕಸ್. ಅದರ ಮೊಟ್ಟೆ ಬರುವುದು ನಾಯಿಯ ಮಲದಿಂದ, ಗುಳ್ಳೆ ಕೂರುವುದು ಹೆಚ್ಚಾಗಿ ಲಿವರಿನಲ್ಲಿ, ಪತ್ತೆ ಮಾಡುವುದು ಅಲ್ಟ್ರಾಸೌಂಡಿನಲ್ಲಿ. ಅಲ್ಲೂ ಮಲ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ, ಕೃಷಿ ಸಂಸ್ಥೆ ಸೇರಿಸಿದ ತಜ್ಞರು ಆಹಾರದಿಂದ ಬರುವ 24 ಪರೋಪಜೀವಿಗಳನ್ನು ಸಾಲಾಗಿ ಇಟ್ಟಾಗ ಮೊದಲ ಜಾಗ ಟೀನಿಯಾ ಸೋಲಿಯಂಗೆ, ಎರಡನೆಯದು ಎಕೈನೊಕಾಕಸ್‌ಗೆ ಸಿಕ್ಕಿತು. ಎರಡೂ ಮೊಟ್ಟೆ ನುಂಗಿ ಬರುವ ಗುಳ್ಳೆ ಕಾಯಿಲೆಗಳು ಎಂಬುದನ್ನು ಗಮನಿಸಿ.

ಈಗ ನಿಮ್ಮ ಯಜಮಾನರ ಹಸಿ ಮೀನು. ಇಲ್ಲಿಯೂ ಅವೇ ಎರಡು ಪ್ರಶ್ನೆ. ಜೊತೆಗೆ ಒಂದು ಮೂರನೆಯದು: ಸಮುದ್ರದ ಮೀನಾ, ಸಿಹಿನೀರಿನ ಮೀನಾ?

ಸಮುದ್ರದ ಮೀನಿನಲ್ಲಿ ಅನಿಸಾಕಿಸ್ ಎಂಬ ಮರಿ ಇರಬಹುದು. ಎರಡು ಮೂರು ಸೆಂಟಿಮೀಟರ್ ಉದ್ದ, ಬಿಳಿ, ಸುರುಳಿ ಸುತ್ತಿಕೊಂಡಿರುತ್ತದೆ. ಹಸಿಯಾಗಿ ತಿಂದ ಕೆಲವೇ ಗಂಟೆಯಲ್ಲಿ ಹೊಟ್ಟೆಯ ಗೋಡೆಗೆ ತಲೆ ಚುಚ್ಚುತ್ತದೆ. ಹೊಟ್ಟೆ ಹಿಂಡಿದ ಹಾಗೆ ನೋವು, ವಾಂತಿ. ಅಲ್ಸರ್ ಎಂದೋ, ಹೃದಯದ ನೋವು ಎಂದೋ ಓಡುವವರಿದ್ದಾರೆ. ಈ ಹುಳ ಮನುಷ್ಯನಲ್ಲಿ ಬೆಳೆದು ದೊಡ್ಡದಾಗುವುದೇ ಇಲ್ಲ, ಮೊಟ್ಟೆಯೂ ಇಲ್ಲ, ಆದ್ದರಿಂದ ಮಲ ಪರೀಕ್ಷೆಯಿಂದ ಯಾವ ಪ್ರಯೋಜನವೂ ಇಲ್ಲ. ಎಂಡೋಸ್ಕೋಪಿ ಹಾಕಿ ನೋಡಿದರೆ ಮರಿ ಕಣ್ಣಿಗೇ ಕಾಣುತ್ತದೆ, ಚಿಮಟದಲ್ಲಿ ಹಿಡಿದು ಎಳೆದರೆ ನೋವು ಬಹುಬೇಗ ಇಳಿಯುತ್ತದೆ. ಪತ್ತೆಯೂ ಅದೇ, ಚಿಕಿತ್ಸೆಯೂ ಅದೇ. ಕೆಲವರಿಗೆ ಇದರಿಂದ ಮೈಮೇಲೆ ದದ್ದು, ಉಸಿರುಕಟ್ಟುವಷ್ಟು ಅಲರ್ಜಿಯೂ ಆಗುತ್ತದೆ. ಹಾಗಾಗಿ ಅವರಿಗೆ ಈಗ ನೋವಿಲ್ಲದಿದ್ದರೆ ಅನಿಸಾಕಿಸ್‌ಗಾಗಿ ಏನೂ ಮಾಡಿಸಬೇಕಿಲ್ಲ. ಹಸಿ ಮೀನು ತಿಂದ ರಾತ್ರಿಯೇ ನೋವು ಬಂದರೆ "ಹಸಿ ಮೀನು ತಿಂದೆ, ಇಷ್ಟು ಗಂಟೆಗೆ ತಿಂದೆ" ಎಂದು ತುರ್ತು ವಿಭಾಗದ ಬಾಗಿಲಲ್ಲೇ ಹೇಳಬೇಕು.

ಸಿಹಿನೀರಿನ ಮೀನು, ಅಥವಾ ಸಮುದ್ರದಿಂದ ನದಿಗೆ ಹತ್ತುವ ಮೀನು ತಿಂದಿದ್ದರೆ ಲೆಕ್ಕ ಬೇರೆ. ಮೀನಿನ ಲಾಡಿಹುಳು 10 ಮೀಟರಿನವರೆಗೂ ಬೆಳೆಯುತ್ತದೆ, ನಾವು ತಿಂದ ಬಿ12 ವಿಟಮಿನನ್ನು ತಾನು ಹೀರುತ್ತದೆ. ಕಾರಣ ಸಿಗದ ಬಿ12 ಕೊರತೆ ಇದ್ದು, ಹಸಿ ಮೀನಿನ ರೂಢಿಯೂ ಇದ್ದರೆ ಇದನ್ನು ನೆನೆಸಿಕೊಳ್ಳಬೇಕು. ಇದಕ್ಕಿಂತ ನನಗೆ ಜಾಸ್ತಿ ಚಿಂತೆ ಲಿವರ್ ಚಪ್ಪಟೆಹುಳುಗಳದ್ದು. ಇವು ಪಿತ್ತನಾಳದಲ್ಲಿ ಕೂತು ವರ್ಷಗಟ್ಟಲೆ ಬದುಕುತ್ತವೆ. ಶುರುವಿನಲ್ಲಿ ಏನೂ ಗೊತ್ತಾಗುವುದಿಲ್ಲ. ಒಪಿಸ್ತಾರ್ಕಿಸ್ ವಿವೆರಿನಿ ಎಂಬ ಜಾತಿಯನ್ನು 1994ರಲ್ಲಿ, ಕ್ಲೊನಾರ್ಕಿಸ್ ಸೈನೆನ್ಸಿಸ್ ಅನ್ನು 2009ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯನಿಗೆ ಕ್ಯಾನ್ಸರ್ ತರುವವುಗಳ ಪಟ್ಟಿಗೆ ಸೇರಿಸಿತು. ಮೀನು ತಿಂದು ಸುಮಾರು ಒಂದು ತಿಂಗಳಾದ ಮೇಲೆ ಈ ಹುಳಗಳ ಮೊಟ್ಟೆ ಮಲದಲ್ಲಿ ಬರತೊಡಗುತ್ತದೆ, ಆದರೆ ತುಂಬಾ ಸಣ್ಣ ಮೊಟ್ಟೆ, ಅವಸರದಲ್ಲಿ ಕಣ್ಣು ತಪ್ಪುತ್ತದೆ. ಪೂರ್ವ ಮತ್ತು ಆಗ್ನೇಯ ಏಷ್ಯಾದ ಊರುಗಳಲ್ಲಿ ಸಿಹಿನೀರಿನ ಹಸಿ ಮೀನು ತಿಂದಿದ್ದರೆ, ಕೊನೆಯ ಸಲ ತಿಂದು ಎರಡು ತಿಂಗಳು ಕಳೆದ ಮೇಲೆ ಮೂರು ಮಲದ ಸ್ಯಾಂಪಲ್, ಒಂದು ಅಲ್ಟ್ರಾಸೌಂಡ್, ಲಿವರ್ ಟೆಸ್ಟ್ ಮಾಡಿಸಿ ಎನ್ನುತ್ತೇನೆ. ತಿಂದ ಮರುದಿನ ಮಾಡಿಸಿದರೆ ದುಡ್ಡು ದಂಡ.

ನಿಂಬೆರಸ, ವಿನೆಗರ್, ಖಾರ, ಮದ್ಯ ಯಾವುದೂ ಮೀನಿನೊಳಗಿನ ಮರಿಯನ್ನು ಕೊಲ್ಲುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟ ಮೀನು ಸುರಕ್ಷಿತ. ಮನೆಯ ಎಲ್ಲ ಫ್ರೀಜರುಗಳೂ ಅಷ್ಟು ತಣ್ಣಗೆ ಹೋಗುವುದಿಲ್ಲ, ಥರ್ಮಾಮೀಟರ್ ಇಟ್ಟು ನೋಡಬೇಕು. ಬೇಯಿಸುವುದಾದರೆ ಒಳಗಿನ ಬಿಸಿ 63 ಡಿಗ್ರಿ ತಲುಪಬೇಕು.

ಮೀನಿನ ಜೊತೆ ಅವರು ಏಡಿಯನ್ನೂ ಹಸಿಯಾಗಿ ಅಥವಾ ಸುಮ್ನೆ ಉಪ್ಪು ಹಾಕಿ ತಿಂದಿದ್ದಾರಾ ಕೇಳಿ. ಸಿಹಿನೀರಿನ ಏಡಿಯಿಂದ ಶ್ವಾಸಕೋಶದ ಚಪ್ಪಟೆಹುಳು ಬರುತ್ತದೆ. ತಿಂಗಳುಗಟ್ಟಲೆ ಕೆಮ್ಮು, ಕಫದಲ್ಲಿ ರಕ್ತ, ಎಕ್ಸ್‌ರೇಯಲ್ಲಿ ಮಚ್ಚೆ. ಕ್ಷಯ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಕ್ಷಯಕ್ಕಾಗಿ ಕಫಕ್ಕೆ ಬಣ್ಣ ಹಾಕುವ ವಿಧಾನದಲ್ಲೇ ಈ ಮೊಟ್ಟೆಗಳು ಹಾಳಾಗುತ್ತವೆ, ಹಾಗಾಗಿ ಅದೇ ಕಫವನ್ನು ಬಣ್ಣ ಹಾಕದೆ ಒಮ್ಮೆ ನೋಡಬೇಕು. ಕ್ಷಯದ ಮಾತ್ರೆ ಪೂರ್ತಿ ಮುಗಿಸಿಯೂ ಕೆಮ್ಮು ನಿಲ್ಲದ ಒಬ್ಬರ ಕಫವನ್ನು ಹಾಗೆ ನೋಡಿದಾಗ, ಒಂದು ಬದಿಗೆ ಮುಚ್ಚಳ ಇಟ್ಟ ಹಾಗಿರುವ ದೊಡ್ಡ ಹೊಂಬಣ್ಣದ ಮೊಟ್ಟೆಗಳು ಸಾಲುಸಾಲಾಗಿ ಕಂಡಿದ್ದವು. ಅವರನ್ನು ಏಡಿಯ ಬಗ್ಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಟೆಸ್ಟ್ ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡಲೇಬೇಕು. ಕುರಿ, ದನದ ಲಿವರಿನಲ್ಲಿರುವ ಫಾಸಿಯೋಲ ಎಂಬ ಚಪ್ಪಟೆಹುಳು ಮನುಷ್ಯನಿಗೆ ಬರುವುದು ನೀರಿನಲ್ಲಿ ಬೆಳೆಯುವ ಸೊಪ್ಪನ್ನು ಹಸಿ ತಿಂದರೆ. ಮೊದಲ ಮೂರು ನಾಲ್ಕು ತಿಂಗಳು ಜ್ವರ, ಬಲಗಡೆ ಪಕ್ಕೆಯ ಕೆಳಗೆ ನೋವು, ಈಸಿನೋಫಿಲ್ ಜಾಸ್ತಿ, ಆದರೆ ಮಲದಲ್ಲಿ ಮೊಟ್ಟೆ ಇಲ್ಲ. ಆಗ ರಕ್ತದ ಪ್ರತಿಕಾಯ ಪರೀಕ್ಷೆಯೇ ಸರಿ. ಇದಕ್ಕೆ ತಿರುಗಾ, ಕಾಯಿಲೆಯೇ ಇಲ್ಲದವರು ಹುಳವಿದ್ದ ಲಿವರ್ ಬೇಯಿಸಿ ತಿಂದರೂ ಸತ್ತ ಮೊಟ್ಟೆಗಳು ಹಾಗೇ ಮಲದಲ್ಲಿ ಹೊರಗೆ ಬರುತ್ತವೆ. ಒಂದು ವಾರ ಲಿವರ್ ತಿನ್ನದೆ ಮತ್ತೆ ಪರೀಕ್ಷೆ ಮಾಡಿದರೆ ಮಾಯ. ಹಂದಿ, ಕಾಡುಹಂದಿ, ಕರಡಿ ಮಾಂಸದಿಂದ ಬರುವ ಟ್ರೈಕಿನೆಲ್ಲಾ ಎಂಬ ಹುಳದ ಕಾಯಿಲೆಯಲ್ಲೂ ಟೆಸ್ಟ್ ಹೀಗೆ ದಾರಿ ತಪ್ಪಿಸುತ್ತದೆ. ಮೈಕೈ ನೋವು, ಕಣ್ಣಿನ ಸುತ್ತ ಊತ, ಜ್ವರ ಇದ್ದರೂ ರಕ್ತದ ಪ್ರತಿಕಾಯ ಮೊದಲ ಎರಡು ಮೂರು ವಾರ ನೆಗೆಟಿವ್ ಇರಬಹುದು. ಮತ್ತೊಮ್ಮೆ ಮಾಡಿಸಬೇಕು.

ಇದನ್ನೆಲ್ಲ ಹೇಳಿದ್ದು ನಿಮಗೆ ಒಂದು ಕೆಲಸ ಕೊಡಲಿಕ್ಕೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ತಮ್ಮ ಯಾವ ಯಾವ ವರ್ಷ ಎಲ್ಲೆಲ್ಲಿ ಇದ್ದ, ಯಾರ ಅಡುಗೆ ಊಟ ಮಾಡಿದ, ಯಾವ ನೀರು ಕುಡಿದ. ಯಜಮಾನರು ಯಾವ ಊರಿನಲ್ಲಿ ಯಾವ ಮೀನು, ಯಾವ ತಿಂಗಳು ತಿಂದರು. ಹುಳದ ಮಾತ್ರೆ ಯಾರು ಯಾವಾಗ ತೆಗೆದುಕೊಂಡರು. ಅರ್ಧ ಪುಟ ಸಾಕು. ಅದನ್ನು ನೋಡಿಯೇ ಎಷ್ಟೋ ಟೆಸ್ಟ್ ಬೇಡ ಎಂದು ಹೇಳಬಹುದು.

ತಮ್ಮನ ಚಿಕಿತ್ಸೆ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದೆರಡು ಮಾತು. ಮೊದಲು ಫಿಟ್ಸ್ ನಿಲ್ಲಿಸುವ ಮಾತ್ರೆ, ಅದನ್ನು ಒಂದು ದಿನವೂ ತಪ್ಪಿಸಬಾರದು. ಹುಳ ಕೊಲ್ಲುವ ಆಲ್ಬೆಂಡಜೋಲನ್ನು ಸ್ಟಿರಾಯ್ಡ್ ಜೊತೆ ಕೊಡುತ್ತಾರೆ, ಸಾಯುವ ಹುಳುವಿನ ಸುತ್ತ ಊತ ಬರದಿರಲಿ ಎಂದು. ಅದಕ್ಕೂ ಮುಂಚೆ ಕಣ್ಣಿನ ಒಳಪರೀಕ್ಷೆ ಆಗಬೇಕು. ಕಣ್ಣಿನಲ್ಲಿ ಗುಳ್ಳೆ ಇದ್ದು ಅದು ಗೊತ್ತಿಲ್ಲದೆ ಔಷಧಿ ಕೊಟ್ಟರೆ ದೃಷ್ಟಿಗೇ ತೊಂದರೆ. ನೀವು ಬರೆದದ್ದರಲ್ಲಿ ಕಣ್ಣಿನ ಪರೀಕ್ಷೆಯ ಮಾತು ಇಲ್ಲ. ಆಗಿರದಿದ್ದರೆ ಮಾತ್ರೆ ಶುರು ಮಾಡುವ ಮೊದಲೇ ಕೇಳಿ. ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್ ಮಾಡುತ್ತಾರೆ. ಒಂದೇ ಗುಳ್ಳೆ ಇರುವವರಲ್ಲಿ ಹೆಚ್ಚಿನವರಿಗೆ ಅದು ಕರಗಿರುತ್ತದೆ, ಅಥವಾ ಒಂದು ಸುಣ್ಣದ ಚುಕ್ಕೆಯಾಗಿ ಉಳಿದಿರುತ್ತದೆ. ಚುಕ್ಕೆ ಉಳಿದಿದ್ದರೆ ಫಿಟ್ಸ್ ಮಾತ್ರೆಯನ್ನು ಎಷ್ಟು ದಿನ ಮುಂದುವರಿಸಬೇಕು ಎಂಬುದನ್ನು ನರರೋಗ ತಜ್ಞರೇ ತೀರ್ಮಾನಿಸಬೇಕು, ನೀವಾಗಿ ನಿಲ್ಲಿಸಬೇಡಿ.